ಕಳ್ಳಬ್ಯಾನಿಯ ನೀರು

ಕುಬಸ, ಅಂದರೆ ಸೀಮಂತ, ಮುಗಿಸಿಕೊಂಡು ನನ್ನ ಮಗಳು ಹೆರಿಗೆಗೆಂದು ತೆಲಂಗಾಣದ ಗಡಿಯೂರು ಮಕ್ತಲಿನ ನಮ್ಮ ಮನೆಗೆ ಬಂದ ಮರುದಿನವೇ ಫೋನು ಹಿಡಿದುಕೊಂಡು ಅಡುಗೆಮನೆಗೆ ನುಗ್ಗಿ, "ಅವ್ವ, ಇದನ್ನ ಜರಾ ನೋಡು," ಅಂದಳು. ರೊಟ್ಟಿ ಬಡಿಯುತ್ತಲೇ ನೋಡಿದೆ. ಯಾವುದೋ ದೇಶದ ಹೆಂಗಸು ದನಗಳಿಗೆ ನೀರು ಕುಡಿಸುವ ತೊಟ್ಟಿಯಷ್ಟು ದೊಡ್ಡ ರಬ್ಬರಿನ ತೊಟ್ಟಿಯಲ್ಲಿ ಎದೆಮಟ್ಟದ ನೀರಿನಲ್ಲಿ ಕೂತಿದ್ದಳು. ಗಂಡ ಹಿಂದೆ ಕೂತು ಭುಜ ತಿಕ್ಕುತ್ತಿದ್ದ. ಮೆಲ್ಲಗೆ ಯಾವುದೋ ಹಾಡು ಹಚ್ಚಿದ್ದರು. ಸ್ವಲ್ಪ ಹೊತ್ತಿಗೆ ನೀರೊಳಗಿಂದಲೇ ಕೂಸನ್ನು ಎತ್ತಿ ಎದೆಗೆ ಹಾಕಿಕೊಂಡಳು. ಅಷ್ಟರಲ್ಲಿ ನನ್ನ ಹಂಚಿನ ಮೇಲಿನ ರೊಟ್ಟಿ ಕರಕಾಗಿತ್ತು.

"ನೀರಾಗ ಹಡಿಯೋದು ಮೀನಿಗೆ ಸರಿ. ನಮಗ್ಯಾಕ ಬೇಕು?" ಅಂದೆ.

"ಬಿಸಿನೀರಾಗ ಕುಂತ್ರ ಬ್ಯಾನಿ ತಡಕೊಳ್ಳಾಕ ಆಗ್ತೈತಂತ ಅವ್ವ. ಆಪರೇಷನ್ ತನಕ ಹೋಗೋದು ತಪ್ಪತೈತಿ."

ಆಗ ನನಗೆ ವಿಷಯ ತಿಳಿಯಿತು. ತೊಟ್ಟಿಯ ಆಸೆಗಿಂತ ಕತ್ತರಿಯ ಭಯ ದೊಡ್ಡದಿತ್ತು. ಗದ್ವಾಲಿನಲ್ಲಿ ಆಕೆಯ ನೆಗೆಣ್ಣಿಗೆ, ಅಂದರೆ ಗಂಡನ ಅಣ್ಣನ ಹೆಂಡತಿಗೆ, ಆಪರೇಷನ್ ಆಗಿತ್ತು. ಕೂಸಿಗೆ ಹಾಲು ಕೊಡಲು ಎದ್ದು ಕೂರಲಾಗದೆ ಆ ಹುಡುಗಿ ಗೋಡೆಗೆ ಮುಖ ಮಾಡಿ ಅಳುವುದನ್ನು ನನ್ನ ಮಗಳು ಕಣ್ಣಾರೆ ಕಂಡಿದ್ದಳು. "ಬೇಕೇ ಬೇಕು ಅಂದ್ರ ಕೊಯ್ಯಲಿ, ನಾ ಒಲ್ಲೆ ಅನ್ನಂಗಿಲ್ಲ. ಎಲ್ಲಾ ಸರಿ ಇದ್ದಾಗ ಯಾಕ ಕೊಯ್ಸಿಕೊಳ್ಳಲಿ?" ಅಂದಳು. ನಾನು ರೊಟ್ಟಿ ಕರಕಾದದ್ದಕ್ಕೆ ಆಕೆಯನ್ನು ಬೈದೆ.

ನಾರಾಯಣಪೇಟೆಯ ಒಂದು ಸಣ್ಣ ದವಾಖಾನೆಯಲ್ಲಿ ತೋರಿಸುತ್ತಿದ್ದೆವು. ಅಲ್ಲಿಯ ಡಾಕ್ಟರಮ್ಮ ಆ ವಿಡಿಯೋ ನೋಡಿ ನಕ್ಕರು. "ತೊಟ್ಟಿ ಎಲ್ಲಿಂದ ತರೋಣಮ್ಮಾ? ನಮ್ಮ ನಲ್ಲಿಗೆ ನೀರು ಬಂದ ದಿನ ನಮಗೆ ಹಬ್ಬ," ಅಂದರು. ಆಮೇಲೆ ನಗು ಬಿಟ್ಟು, ಕೂಸಿನ ತಲೆ ಕೆಳಗಿದೆ, ತೂಕ ಸರಿ ಇದೆ, ಆಪರೇಷನ್ನಿಗೆ ಕಾರಣವೇನೂ ಕಾಣುತ್ತಿಲ್ಲ ಎಂದರು. ನೋವು ಸುರುವಾದಾಗ ಬಚ್ಚಲಲ್ಲಿ ಸ್ಟೂಲಿನ ಮೇಲೆ ಕೂತು ಸೊಂಟದ ಮೇಲೆ ಬಿಸಿನೀರು ಹಾಕಿಸಿಕೊಳ್ಳಬಹುದು, ಹಾಯೆನಿಸುತ್ತದೆ, ನಡುನಡುವೆ ಸಿಸ್ಟರ್ ಕೂಸಿನ ಎದೆಬಡಿತ ನೋಡುತ್ತಿದ್ದರೆ ಸಾಕು ಎಂದೂ ಹೇಳಿದರು. ಮಗಳು ಗೆದ್ದವಳ ಹಾಗೆ ನನ್ನ ಕಡೆ ನೋಡಿದಳು.

ನನಗೆ ಸಿಟ್ಟೇ ಬಂತು. ಇದನ್ನು ಹೇಳಲು ಆ ರಬ್ಬರ್ ತೊಟ್ಟಿಯ ಹೆಂಗಸು ಬೇಕಾಗಿತ್ತೇ? ನಮ್ಮವ್ವ ಓಣಿಯ ಬಸುರಿಯರಿಗೆಲ್ಲ ಇದನ್ನೇ ಮಾಡುತ್ತಿದ್ದಳು. ಅದರಲ್ಲಿ ಒಂದು ಪರೀಕ್ಷೆಯೂ ಇತ್ತು. ದಿನ ತುಂಬುತ್ತ ಬಂದಾಗ ಸುಳ್ಳು ನೋವು ಬಂದು ಬಂದು ಹೋಗುತ್ತದಲ್ಲ, ಅದಕ್ಕೆ ನಮ್ಮ ಕಡೆ ಕಳ್ಳಬ್ಯಾನಿ ಅನ್ನುತ್ತಾರೆ. "ಸೊಂಟಕ್ಕ ಬಿಸಿನೀರು ಹಾಕಿ ನೋಡ್ರಿ. ಕಳ್ಳಬ್ಯಾನಿ ಇದ್ರ ಓಡಿ ಹೋಗ್ತೈತಿ, ಖರೇ ಬ್ಯಾನಿ ಇದ್ರ ಜೋರಾಗ್ತೈತಿ," ಅನ್ನುತ್ತಿದ್ದಳು ಅವ್ವ. ನನಗೂ ಹಾಗೇ ನೋಡಿದ್ದಳು. ನನ್ನದು ಖರೇ ಬ್ಯಾನಿ ಎಂದು ನೀರು ಹೇಳಿತು, ಗಾಡಿ ಕಟ್ಟಿಸಿದಳು, ಎಲ್ಲ ಸುಸೂತ್ರವಾಯಿತು. ಆವತ್ತಿನಿಂದ ಆ ಪರೀಕ್ಷೆಯ ಮೇಲೆ ನನಗೆ ಗಣಿತದ ಮೇಲಿದ್ದಷ್ಟು ನಂಬಿಕೆ.

ಇನ್ನು ನಮ್ಮ ಬೀಗತಿಯ ಮಾತು ಹೇಳಬೇಕು. ಬೀಗತಿ ಅಂದರೆ ನನ್ನ ಮಗಳ ಅತ್ತೆ. ಗದ್ವಾಲಿನಲ್ಲಿ ಸೀರೆ ವ್ಯಾಪಾರದ ಮನೆ. ನೆರಿಗೆ ಕದಲದ ಸೀರೆ, ಹಣೆತುಂಬ ವಿಭೂತಿ, ಮಾತಿಗೊಮ್ಮೆ ತೆಲುಗು. ಹೊರಗಿನವರಿಗೆ ಬಹಳ ಮರ್ಯಾದಸ್ತ ಹೆಂಗಸು. ನನಗೆ ಮಾತ್ರ ತಲೆನೋವು. ನಾನು ಕನ್ನಡ ಶಾಲೆಯಲ್ಲಿ ಜೀವಮಾನವೆಲ್ಲ ಮಕ್ಕಳಿಗೆ ಕಲಿಸಿದವಳು, ಒಂದು ಮಾತಿಗೆ ಒಂದು ಅರ್ಥ ಇರಬೇಕು ಅನ್ನುವವಳು. ಆಕೆಯ ಮಾತು ಹಾಗಿರಲಿಲ್ಲ. ಎಂಟನೇ ತಿಂಗಳಲ್ಲೇ ಫೋನು ಮಾಡಿ, "ಟೀಚರಮ್ಮಾರ, ಸ್ವಾಮೇರ ಕಡೆ ಕೇಳಿಸೀನ್ರಿ. ಛಲೋ ಮುಹೂರ್ತ ಕೊಟ್ಟಾರ. ಆವತ್ತು ಮುಂಜಾನಿ ಆಪರೇಷನ್ ಮಾಡಿಸಿಬಿಡೋಣು," ಅಂದರು. ಈಗ ನಮ್ಮ ಕಡೆ ಇದೊಂದು ರೋಗ ಬಂದಿದೆ. ಮದುವೆಗೆ, ಮನೆಗೆ ಮುಹೂರ್ತ ನೋಡುತ್ತಿದ್ದವರು ಈಗ ಕೂಸಿಗೂ ನೋಡುತ್ತಾರೆ. ಕೂಸು ಬರುವ ಹೊತ್ತು ಕೂಸಿಗೆ ಗೊತ್ತಿರುವುದಿಲ್ಲವಂತೆ, ಸ್ವಾಮೇರಿಗೆ ಗೊತ್ತಿರುತ್ತದಂತೆ.

ಇರಲಿ, ಮುಹೂರ್ತದ ಹುಚ್ಚು ಅಂದುಕೊಂಡು ಸುಮ್ಮನಿರಬಹುದಿತ್ತು. ಆದರೆ ಆಕೆ ಇನ್ನೊಂದು ಮಾತು ಸೇರಿಸಿದರು. ಮುಹೂರ್ತಕ್ಕಿಂತ ಮೊದಲೇ ನೋವು ಬಂದರೆ ಒಂದು ಗಳಿಗೆಯೂ ಕಾಯಬಾರದು, ಆ ಹೊತ್ತಿಗೇ ಕೊಯ್ಯಿಸಬೇಕಂತೆ. ಹಾಗಾದರೆ ಮುಹೂರ್ತ ಯಾಕೆ? ಕೇಳಿದೆ. "ಅದೂ ಬೇಕ್ರಿ," ಅಂದರು. ಇಂಥವರ ಜೊತೆ ಮಾತಾಡುವುದು ಹೇಗೆ?

ಇನ್ನೊಂದು ವಿಷಯಕ್ಕೂ ನನಗೆ ಮುನಿಸಿತ್ತು. ನಮ್ಮಲ್ಲಿ ಬಾಣಂತಿಗೆ ಮೊದಲ ನೀರು ಎರೆಯುವುದು ಅತ್ತೆಯ ಹಕ್ಕು. ಆಮೇಲಿನ ನೀರೆಲ್ಲ ತವರಿನವರದು, ಆದರೆ ಮೊದಲ ತಂಬಿಗೆ ಅತ್ತೆಯ ಕೈಯಿಂದಲೇ ಬೀಳಬೇಕು. ಈ ಹಕ್ಕಿಗಾಗಿ ಬೀಗರು ಬೀಗರು ಮಾತು ಬಿಟ್ಟ ಮನೆಗಳನ್ನು ನಾನು ನೋಡಿದ್ದೇನೆ. ನಮ್ಮ ಬೀಗತಿಯೋ, ಕುಬಸದ ದಿನ ಹೆಂಗಸರೆಲ್ಲ ಆ ಮಾತು ತೆಗೆದಾಗ, "ಅದನ್ನೂ ಟೀಚರಮ್ಮಾರ ಎರೀಲಿ. ನನಗ ಆಗಂಗಿಲ್ಲ," ಎಂದು ಎದ್ದು ಹೊರಗೆ ಹೋಗಿಬಿಟ್ಟರು. ಸೊಸೆಯ ಮೇಲೆ ಅಷ್ಟೂ ಅಕ್ಕರೆ ಇಲ್ಲವೇ, ಇಲ್ಲ ರೇಷ್ಮೆ ಸೀರೆ ತೊಯ್ಯುತ್ತದೆ ಎಂಬ ಚಿಂತೆಯೇ ಎಂದು ನಾನು ಒಳಗೊಳಗೇ ಕುದಿದೆ.

ಕೊನೆಗೆ ಅಳಿಯ, ಆತನ ಅಪ್ಪ ಎಲ್ಲರೂ ಬೀಗತಿಯ ಕಡೆಗೇ ವಾಲಿದರು. ಡಾಕ್ಟರಮ್ಮ ಕೈ ಚೆಲ್ಲಿದರು. "ಮನೆಯವರೆಲ್ಲ ಬೇಕು ಅಂದರೆ ನಾನೊಬ್ಬಳು ಬೇಡ ಅಂದು ಏನು ಮಾಡಲಿ? ಅಷ್ಟರೊಳಗೆ ತಾನಾಗಿಯೇ ನೋವು ಬಂದರೆ ನೋಡೋಣ," ಅಂದರು. ಮುಹೂರ್ತದ ಹಿಂದಿನ ದಿನ ಬೆಳಿಗ್ಗೆಯೇ ನಾರಾಯಣಪೇಟೆಗೆ ಹೋಗಿ ಸೇರಿದೆವು. ಮಗಳು ದಾರಿಯುದ್ದಕ್ಕೂ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಯಿ ಬಿಗಿದು ಕೂತಿದ್ದಳು. ಸಿಟ್ಟಿನಲ್ಲಿದ್ದಾಳೆ ಅಂದುಕೊಂಡೆ.

ನಮಗೆ ಕೊಟ್ಟ ಕೋಣೆಗೆ ಬಚ್ಚಲು ಅಂಟಿಕೊಂಡಿತ್ತು. ಗೋಡೆಯ ಮೇಲೆ ಗೀಜರ್ ಕೂಡ ಇತ್ತು, ಶೋಕಿಗೆ. ಸಾಮಾನು ಇಡುತ್ತಿರುವಾಗಲೇ ಮಗಳು ಮಂಚದ ಸರಳು ಹಿಡಿದು ನಿಂತಳು. ಬೀಗತಿ ನೋಡಿಬಿಟ್ಟರು.

"ಬ್ಯಾನಿ ಬಂತೇನವ್ವ?" ಎಂದು ಕೇಳಿದವರು ಉತ್ತರಕ್ಕೂ ಕಾಯದೆ ಬಾಗಿಲಿಗೆ ಹೋಗಿ ಸಿಸ್ಟರನ್ನು ಕೂಗಿ, "ನೊಪ್ಪುಲು ವಸ್ತುನ್ನಾಯಿ, ವೆಂಟನೇ ಆಪರೇಷನ್ ಚೇಸೇಯಂಡಿ," ಅಂದರು. ನೋವು ಬರುತ್ತಿದೆ, ಈಗಿಂದೀಗಲೇ ಆಪರೇಷನ್ ಮಾಡಿ ಎಂದು.

"ನಿಂದ್ರ್ರಿ ಅಕ್ಕಾರ," ಅಂದೆ ನಾನು. "ಕಳ್ಳಬ್ಯಾನಿ ಇರಬಹುದು. ಮೊದಲ ಬಿಸಿನೀರು ಹಾಕಿ ನೋಡೋಣು."

ಬೀಗತಿಯ ಮುಖ ಒಮ್ಮೆಲೇ ಬಿಳಿಚಿತು. "ನೀರು ಗೀರು ಬ್ಯಾಡ್ರಿ," ಅಂದರು. ಟೀಚರಮ್ಮನ ಮಾತಿಗೆ ಎದುರು ಬೀಳುತ್ತಾರಲ್ಲ ಎಂದು ನನಗೆ ಇನ್ನಷ್ಟು ಹಟ ಬಂತು.

ಸಿಸ್ಟರ್ ಬಂದು ನೋಡಿ, ಕೂಸಿನ ಎದೆಬಡಿತ ಛಲೋ ಇದೆ, ಇನ್ನೂ ಬಹಳ ಹೊತ್ತು ಇದೆ, ನೀರು ಹಾಕಿಕೊಳ್ಳಲಿ ಎಂದು ಹೇಳಿ ಹೋದರು. ಡಾಕ್ಟರಮ್ಮ ಬೇರೆ ಕಡೆ ಹೆರಿಗೆಗೆ ಹೋಗಿದ್ದರು, ಮಧ್ಯಾಹ್ನ ಬರುವವರಿದ್ದರು. ಬಿಸಿನೀರು ಹಾಕಲು ಅಪ್ಪಣೆ ಸಿಕ್ಕಿತು. ಬಿಸಿನೀರು ಮಾತ್ರ ಸಿಗಲಿಲ್ಲ.

ಗೀಜರ್ ಕೆಟ್ಟಿತ್ತು. ಮನೆಯಿಂದ ತಂದಿದ್ದ ಹೀಟರ್ ರಾಡನ್ನು ಬಕೆಟ್ಟಿಗೆ ಹಾಕಿ ಸ್ವಿಚ್ ಒತ್ತಿದೆ, ಇಡೀ ಸಾಲಿನ ಕರೆಂಟು ಹೋಯಿತು. ಪಕ್ಕದ ಕೋಣೆಯಿಂದ ಯಾರೋ ನನ್ನ ವಂಶವನ್ನೆಲ್ಲ ನೆನೆದರು. ದವಾಖಾನೆಯ ಮನುಷ್ಯ ಬಂದು ರಾಡನ್ನು ಕಿತ್ತುಕೊಂಡು ಹೋದ. ಇಲ್ಲಿ ಕೃಷ್ಣೆ, ಅಲ್ಲಿ ಭೀಮೆ, ಆ ಕಡೆ ಜೂರಾಲ ಅಣೆಕಟ್ಟಿನಲ್ಲಿ ಸಮುದ್ರದಷ್ಟು ನೀರು. ನಡುವೆ ನಾನೊಬ್ಬಳು, ಒಂದು ಬಕೆಟ್ಟು ಬಿಸಿನೀರಿಗಾಗಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿಯುತ್ತಿದ್ದೆ.

ಎದುರಿಗೆ ಚಾದ ಅಂಗಡಿ ಇತ್ತು. "ಎಷ್ಟು ಚಾ ಅಮ್ಮಾ?" ಅಂದ ಅಂಗಡಿಯವನು. ಬಕೆಟ್ಟು ತೋರಿಸಿದೆ. "ಒಂದು ಬಕೆಟ್ಟು ಚಾ?" ಅಂದ. ತಲೆ ಕೆಟ್ಟುಹೋಯಿತು. ಹೆರಿಗೆ, ಬ್ಯಾನಿ, ನೀರು ಎಂದೆಲ್ಲ ಆ ಗಂಡಸಿಗೆ ಬಿಡಿಸಿ ಹೇಳಬೇಕಾಯಿತು. ಕೇಳಿದ ಮೇಲೆ ಮಾತಾಡದೆ ದೊಡ್ಡ ಪಾತ್ರೆಯಲ್ಲಿ ನೀರು ಮರಳಿಸಿಕೊಟ್ಟ. ಅದನ್ನು ಎತ್ತಿಕೊಂಡು, ಅರ್ಧ ಕಾಲಿನ ಮೇಲೆ ಚೆಲ್ಲಿಕೊಂಡು ಮೇಲೆ ಬಂದು, ತಣ್ಣೀರು ಬೆರೆಸಿ ಹದ ಮಾಡಿ, ಮಗಳನ್ನು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ ಸೊಂಟದ ಮೇಲೆ ಸುರಿದೆ.

"ಅವ್ವ, ನೀರು ಯಾಲಕ್ಕಿ ವಾಸನಿ ಬರ್ತೈತಲ್ಲ."

"ಚಾದ ಪಾತ್ರಿದು. ವಾಸನಿ ಇರ್ಲಿ, ಬ್ಯಾನಿ ಹ್ಯಾಂಗೈತಿ ಹೇಳು."

ಆಕೆ ಕಣ್ಣು ಮುಚ್ಚಿ ಸ್ಟೂಲಿನ ಅಂಚು ಹಿಡಿದುಕೊಂಡಳು. ಆಮೇಲೆ ಉಸಿರು ಬಿಟ್ಟು, "ಹೋತವ್ವ. ಪೂರಾ ಹೋತು," ಅಂದಳು.

ಗೆದ್ದೆ ಅನ್ನಿಸಿತು. ಒದ್ದೆ ಸೆರಗಿನಲ್ಲೇ ಹೊರಗೆ ಬಂದು ಬೀಗತಿಗೆ ಪಾಠದ ಧ್ವನಿಯಲ್ಲಿ ಹೇಳಿದೆ: "ನೋಡ್ರಿ, ನೀರು ಹಾಕಿದ ಕೂಡ್ಲೇ ಹೋತು. ಇದು ಕಳ್ಳಬ್ಯಾನಿ. ನಮ್ಮವ್ವ ಹೇಳಿದ್ದು ಎಂದೂ ಸುಳ್ಳಾಗಿಲ್ಲ." ಬೀಗತಿ ಕೋಣೆಯಲ್ಲಿ ಇರಲೇ ಇಲ್ಲ. ನೋಡಿದರೆ ಮೆಟ್ಟಿಲ ಕೆಳಗೆ ಗೋಡೆಗೆ ಆತು ನಿಂತಿದ್ದರು. ಅಲ್ಲಿಗೇ ಹೋಗಿ ಮತ್ತೊಮ್ಮೆ ಹೇಳಿದೆ. ಆಕೆ ನನ್ನ ಮುಖ ನೋಡಲಿಲ್ಲ.

ಆಮೇಲೆ ಇದೇ ಕತೆ. ಸ್ವಲ್ಪ ಹೊತ್ತಿಗೆ ಮಗಳು ಮುಖ ಗಂಟಿಕ್ಕುವಳು. "ಅವ್ವ, ನೀರು," ಅನ್ನುವಳು. ನಾನು ಬಕೆಟ್ಟು ಹಿಡಿದು ಚಾದ ಅಂಗಡಿಗೆ ಓಡುವೆ. ನೀರು ಬೀಳುವ ಸಪ್ಪಳ ಸುರುವಾಯಿತೋ, ಬೀಗತಿ ಕೋಣೆ ಬಿಟ್ಟು ಕೆಳಗೆ ಇಳಿಯುವರು. ಒಂದು ಸಲವಾದರೂ ಬಕೆಟ್ಟಿಗೆ ಕೈ ಹಚ್ಚಿದರೆ ಹೇಳಿ! ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಅನ್ನುತ್ತಾರೆ. ಈಕೆ ಊರಿಗೇನೋ ಬಂದರು, ಬಚ್ಚಲ ಹೊಸ್ತಿಲತನಕವೂ ಬರಲಿಲ್ಲ. ಮಗಳು ಹೊರಗೆ ಬಂದು, "ಹೋತು, ಅತ್ತಿ. ಕಳ್ಳಬ್ಯಾನಿನ," ಎಂದು ನಗುತ್ತ ಹೇಳುವಳು. ಒಮ್ಮೆ ಅತ್ತೆಯ ಮುಂದೆಯೇ ಕನ್ನಡಿ ಹಿಡಿದು ತಲೆ ಬಾಚಿಕೊಂಡಳು. ಸಿಸ್ಟರ್ ಬಂದು ಎದೆಬಡಿತ ಕೇಳಿ ಛಲೋ ಇದೆ ಅಂದರು, ಒಳಗೆ ಪರೀಕ್ಷೆ ಮಾಡಬೇಕು ಅಂದಾಗ ಮಾತ್ರ, "ಬ್ಯಾನಿನ ಇಲ್ಲಲ್ಲ ಸಿಸ್ಟರ್, ಆಮ್ಯಾಲ ನೋಡ್ರಿ," ಎಂದು ಜಾರಿಕೊಂಡಳು. ಸಿಸ್ಟರಿಗೂ ಕೈತುಂಬ ಕೆಲಸ. ಹೋದರು.

ನನಗೆ ಬಾಯಾರಿಕೆ, ಸೊಂಟನೋವು, ಕಾಲ ಮೇಲೆ ಬಿಸಿನೀರಿನ ಕೆಂಪು. ಬಚ್ಚಲಲ್ಲಿ ಬಿದ್ದಿದ್ದ ಟವೆಲ್ಲನ್ನು ಎತ್ತಿ ನೋಡಿದರೆ ಅದರ ಅಂಚು ನುಜ್ಜುಗುಜ್ಜಾಗಿ ಅಗಿದ ಹಾಗಿತ್ತು. ಗೀಜರ್ ಇಲ್ಲ, ಕರೆಂಟು ಇಲ್ಲ, ಇಲಿ ಮಾತ್ರ ಇಟ್ಟಿದ್ದಾರೆ ಎಂದು ಗೊಣಗಿಕೊಂಡು ಗೂಟಕ್ಕೆ ನೇತುಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಬೀಗತಿ ಮೆಟ್ಟಿಲ ಮೇಲೆ ನನ್ನನ್ನು ಅಡ್ಡಹಾಕಿದರು. ಕೈಯಲ್ಲಿ ತುಂಬಿದ ಬಕೆಟ್ಟು ಹಿಡಿದವಳನ್ನು ಯಾರಾದರೂ ಅಡ್ಡಹಾಕುತ್ತಾರೆಯೇ?

"ಟೀಚರಮ್ಮಾರ, ನಿಮ್ಮ ಕಾಲಿಗೆ ಬೀಳ್ತೀನಿ. ಡಾಕ್ಟರಿಗೆ ಫೋನ್ ಮಾಡಿಸ್ರಿ. ಈಗ ಕೊಯ್ದುಬಿಡ್ಲಿ."

"ನಾಳಿನ ಮುಹೂರ್ತ ಏನಾತ್ರಿ?"

"ಮುಹೂರ್ತ ಸುಡುಗಾಡಿಗೆ ಹೋಗಲಿ."

"ಸ್ವಾಮೇರ ಮಾತು?"

"ಅದೂ ಹೋಗಲಿ. ಆ ನೀರು ಹಾಕೋದೊಂದು ನಿಂದ್ರಸ್ರಿ."

"ಅಕ್ಕಾರ, ನೀವು ಹೇಳೋದು ತಲಿ ಬುಡ ಒಂದೂ ನನಗ ತಿಳೀವಲ್ದು," ಅಂದೆ, ಧ್ವನಿ ಏರಿಸಿಯೇ ಅಂದೆ. "ಮುಹೂರ್ತ ಬೇಕು ಅಂತೀರಿ, ಬ್ಯಾಡ ಅಂತೀರಿ. ಕಳ್ಳಬ್ಯಾನಿಗೆಲ್ಲ ಹೊಟ್ಟಿ ಕೊಯ್ಸಿದ್ರ ನಮ್ಮ ಕಡೆ ಒಂದು ಹೆಂಗಸಿನ ಹೊಟ್ಟಿನೂ ಉಳಿಯಂಗಿಲ್ಲ. ಸರೀರ್ರಿ, ನೀರು ಆರ್ತೈತಿ."

ಆಕೆ ಸರಿದರು. ನಾನು ಮೇಲೆ ಹತ್ತಿದೆ.

ಬಚ್ಚಲ ಬಾಗಿಲು ತಳ್ಳಿದರೆ ಮಗಳು ಸ್ಟೂಲಿನ ಮೇಲೆ ಇರಲಿಲ್ಲ. ನೆಲದ ಮೇಲೆ ಮೊಣಕಾಲೂರಿ, ಸುರಿಯುತ್ತಿದ್ದ ನಲ್ಲಿಯನ್ನು ಎರಡೂ ಕೈಯಿಂದ ಹಿಡಿದಿದ್ದಳು. ಬಾಯಲ್ಲಿ ಆ ಟವೆಲ್ಲು ಇತ್ತು. ಅದನ್ನು ಉಗಿದು, "ಅವ್ವ, ಜಲ್ದಿ ಸುರಿ," ಅಂದಳು. ಸುರಿದೆ.

"ಬ್ಯಾನಿ ಹೋತೇನ?"

"ಎಲ್ಲಿ ಹೋಗತೈತಿ? ಮುಂಜಾನಿ ಮಕ್ತಲದಾಗ ಗಾಡಿ ಹತ್ತೋ ಮುಂಚಿನಿಂದನೂ ಖರೇ ಬ್ಯಾನಿನ ಐತಿ ಅವ್ವ. ನೀರು ಬಿದ್ದಾಗ ತಡಕೊಳ್ಳಾಕ ಆಗ್ತಿತ್ತು, ಅಷ್ಟ. ಖರೇ ಅಂದಿದ್ರ ಅತ್ತಿ ಆವಾಗ್ಲೇ ಕೊಯ್ಸತಿದ್ರು. ನಿನಗ ಹೇಳಿದ್ರ ನಿನ್ನ ಮುಖದ ಮ್ಯಾಲ ಕಾಣ್ತಿತ್ತು."

ಆ ಗಳಿಗೆಯಲ್ಲಿ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ? ಹೆತ್ತ ಮಗಳಾಗಿರದಿದ್ದರೆ ಅದೇ ತಂಬಿಗೆಯಿಂದ ಎರಡು ಬಾರಿಸುತ್ತಿದ್ದೆ. ಬೆಳಗಿನಿಂದ ನನ್ನನ್ನು ಚಾದ ಅಂಗಡಿಗೆ ಓಡಾಡಿಸಿ, ನನ್ನ ಬಾಯಿಂದಲೇ ಕಳ್ಳಬ್ಯಾನಿ ಎಂದು ಸಾರಿಸಿದ್ದಳು ಕಳ್ಳಿ! ಆದರೆ ಬೈಯಲು ಬಾಯಿ ತೆರೆಯುವಷ್ಟರಲ್ಲಿ ಆಕೆಯ ಗಂಟಲಿಂದ ಬೇರೆಯೇ ಒಂದು ಸಪ್ಪಳ ಬಂತು. ಅದನ್ನು ಹೆತ್ತವರೆಲ್ಲ ಬಲ್ಲರು. ನಾನು "ಸಿಸ್ಟರ್!" ಎಂದು ಕಿರುಚಿದೆ.

ಸಿಸ್ಟರಿಗಿಂತ ಮೊದಲು ಬಂದವರು ಬೀಗತಿ. ಮೆಟ್ಟಿಲನ್ನು ಹೇಗೆ ಹತ್ತಿದರೋ ಗೊತ್ತಿಲ್ಲ. ಹೊಸ್ತಿಲ ಮೇಲೆ ಒಂದು ಕ್ಷಣ ತಡೆದು ನಿಂತರು, ಆಮೇಲೆ ಒಳಗೆ ನುಗ್ಗಿ ಬಕೆಟ್ಟನ್ನು ಕಾಲಿಂದ ಒದ್ದು, ನಲ್ಲಿ ತಿರುಗಿಸಿ ನಿಲ್ಲಿಸಿ, ಆ ನೀರಲ್ಲೇ ಕೂತು ನನ್ನ ಮಗಳ ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡರು. ಸೀರೆ, ಜರಿ, ಎಲ್ಲ ತೊಯ್ದು ಹೋಯಿತು. ಆಮೇಲೆ ಸಿಸ್ಟರು ಬಂದರು, ಅವರ ಹಿಂದೆ ಆಯಾ ಬಂದಳು. ಎತ್ತಿಕೊಂಡು ಹೋಗಲು ಹೊತ್ತೇ ಇರಲಿಲ್ಲ. ಬಚ್ಚಲ ನೆಲದ ಮೇಲೆ ಬಟ್ಟೆ ಹಾಸಿದರು. ಕೂಸು ಅಲ್ಲೇ ಹುಟ್ಟಿತು, ಯಾಲಕ್ಕಿ ವಾಸನೆಯ ನೀರಿನ ನಡುವೆ. ಹೆಣ್ಣುಕೂಸು.

ಕೂಸು ಅಳಲಿಲ್ಲ.

ಸಿಸ್ಟರ್ ಅದನ್ನು ಬಟ್ಟೆಯಲ್ಲಿ ಹಿಡಿದು ಬೆನ್ನು ಉಜ್ಜಿದರು. ಬಾಯಿ ಒರೆಸಿದರು. ಮತ್ತೆ ಉಜ್ಜಿದರು. ನಾನು ಕೂಸನ್ನು ನೋಡಲಾರದೆ ಬೀಗತಿಯ ಮುಖ ನೋಡಿದೆ. ಆ ಮುಖದಲ್ಲಿ ಗಾಬರಿ ಇರಲಿಲ್ಲ. ಏನಾಗುತ್ತದೆಂದು ಮೊದಲೇ ಗೊತ್ತಿದ್ದವರ ಮುಖ ಅದು. ಅಷ್ಟರಲ್ಲಿ ಕೂಸು ಒಮ್ಮೆ ಸೀನಿ, ಬಾಯಿ ತೆರೆದು ದವಾಖಾನೆಯೆಲ್ಲ ಕೇಳುವ ಹಾಗೆ ಅತ್ತಿತು. ಮಗಳೂ ಅತ್ತಳು, ಸಿಸ್ಟರ್ ನಕ್ಕರು. ಬೀಗತಿ ಮಾತ್ರ ಯಾರನ್ನೂ ನೋಡದೆ ಮೆಲ್ಲಗೆ ಅಂದರು:

"ನಂದು ಅಳಲಿಲ್ಲ."

ಮಗಳನ್ನೂ ಕೂಸನ್ನೂ ಹೆರಿಗೆ ಕೋಣೆಗೆ ಕರೆದುಕೊಂಡು ಹೋದರು. ಡಾಕ್ಟರಮ್ಮ ಬಂದು ಇಬ್ಬರೂ ಚೆನ್ನಾಗಿದ್ದಾರೆ ಎಂದು ನೋಡಿ ಹೇಳಿ, ಆಮೇಲೆ ನನಗೆ ಮನದಣಿಯೆ ಬೈದರು. ನೀರು ಹಾಕಿಕೊಳ್ಳಲು ಹೇಳಿದ್ದೆ, ನೀರಿನ ಮಾತು ನಂಬಿಕೊಂಡು ಕೂರಲು ಹೇಳಿರಲಿಲ್ಲ, ಬಿಸಿನೀರು ಬಿದ್ದರೆ ಯಾವ ನೋವಾದರೂ ಹಗುರಾಗುತ್ತದೆ, ನೀವು ಮಕ್ಕಳಿಗೆ ಏನು ಕಲಿಸಿದಿರಿ ಎಂದರು. ತಲೆ ತಗ್ಗಿಸಿ ಕೇಳಿಸಿಕೊಂಡೆ.

ಬಚ್ಚಲ ಹೊಸ್ತಿಲ ಮೇಲೆ ಬೀಗತಿ ಒದ್ದೆ ಸೀರೆಯಲ್ಲೇ ಕೂತಿದ್ದರು. ಪಕ್ಕದಲ್ಲಿ ಕೂತೆ. ಅವರೇ ಹೇಳಿದರು.

"ಗದ್ವಾಲದಾಗ ಹಳೀ ಮನಿ ಬಚ್ಚಲದಾಗ ಕುಂದ್ರಿಸಿದ್ರು. ನಮ್ಮ ಅತ್ತಿ ನೀರು ಹಾಕಿದ್ರು. ಹಾಕಿದಾಗ ಜರಾ ಹಗುರ ಆಗ್ತಿತ್ತು. ಹಗುರ ಆತು ಅಂದೆ. ಹಂಗಂದ್ರ ಕಳ್ಳಬ್ಯಾನಿ ಅಂದ್ರು. ಮತ್ತ ಕಾಸಿದ್ರು, ಮತ್ತ ಹಾಕಿದ್ರು. ಹೊತ್ತು ಮುಳುಗೋತನಕ ಹಾಕಿದ್ರು. ದವಾಖಾನಿಗೆ ಹೋಗಾಕ ಯಾರೂ ಎದ್ದೇಳಲಿಲ್ಲ." ಸೆರಗು ಹಿಂಡಿದರು. "ಗಂಡು ಇತ್ತು. ನಿಮ್ಮ ಅಳಿಯ, ಅವನಣ್ಣ, ಇಬ್ಬರಿಗಿಂತ ಮುಂಚಿ. ಅವರಿಗೂ ಗೊತ್ತಿಲ್ಲ."

ಬೆಳಗಿನಿಂದ ಆಕೆಯ ಕಿವಿಯಲ್ಲಿ ಎಷ್ಟು ಸಲ ಕಳ್ಳಬ್ಯಾನಿ ಎಂದು ಕೂಗಿದ್ದೆನೋ! ಮೆಟ್ಟಿಲ ಕೆಳಗೆ ಹುಡುಕಿಕೊಂಡು ಹೋಗಿ ಕೂಗಿದ್ದೆ. ಆದರೂ ಬಾಯಿಂದ ಬಂದದ್ದು ಸಿಟ್ಟೇ, ನನ್ನ ಸ್ವಭಾವವೇ ಹಾಗೆ.

"ಇದನ್ನ ಮೊದಲ ಹೇಳಾಕ ಏನಾಗಿತ್ರಿ ನಿಮಗ? ಎಂಟನೇ ತಿಂಗಳದಿಂದ ಮುಹೂರ್ತ ಮುಹೂರ್ತ ಅಂತ ನನ್ನ ತಲಿ ತಿಂದ್ರಲ್ಲ!"

"ಬಸುರಿ ಮುಂದ ಹ್ಯಾಂಗ ಹೇಳ್ಲಿ ಟೀಚರಮ್ಮಾರ? ನಿಮ್ಮ ಮುಂದ ಹೇಳಿದ್ರ ಅಕಿಗೆ ಹೋಗ್ತಿತ್ತು. ಮುಹೂರ್ತ ಅಂದ್ರ ಯಾರೂ ಯಾಕ ಅಂತ ಕೇಳಂಗಿಲ್ಲ. ಹೂಂ ಅಂತಾರ."

ನಿಜ. ನಾನೂ ಕೇಳಿರಲಿಲ್ಲ. ಹುಚ್ಚು ಎಂದು ಬೈದುಕೊಂಡಿದ್ದೆ, ಅಷ್ಟೇ. ಆದರೂ ಸಿಟ್ಟು ಇಳಿಯಲಿಲ್ಲ. ಬಾಯಿ ಬಿಡದ ಈ ಹೆಂಗಸಿನ ಮೇಲೆ, ಸುಳ್ಳು ಹೇಳಿದ ನನ್ನ ಮಗಳ ಮೇಲೆ, ನನ್ನ ಮೇಲೆ. ನಮ್ಮವ್ವನ ಮೇಲೂ ಬಂತು, ಆಕೆಯ ಪರೀಕ್ಷೆ ಎಷ್ಟು ಬಚ್ಚಲುಗಳಲ್ಲಿ ಹೀಗೆ ಸುಳ್ಳಾಗಿರಬಹುದು ಎಂದು ಯಾರು ಲೆಕ್ಕ ಇಟ್ಟರು? ಖರೇ ಆದದ್ದನ್ನು ಮಾತ್ರ ಓಣಿಯಲ್ಲಿ ಹೇಳಿಕೊಂಡು ತಿರುಗಿದೆವು.

ಮಕ್ತಲಿಗೆ ಕರೆದುಕೊಂಡು ಬಂದ ದಿನ ನಮ್ಮ ಬಚ್ಚಲ ಹಂಡೆ ತುಂಬ ನೀರು ಕಾಯಿಸಿದೆ. ಬೀಗತಿ ನನ್ನ ಮಗಳಿಗೆ ಬೇಕಾದ್ದನ್ನೆಲ್ಲ ತಂದಿಟ್ಟು ಪಡಸಾಲೆಯಲ್ಲಿ ಕೂಸನ್ನು ಎತ್ತಿಕೊಂಡು ಕೂತಿದ್ದರು. ಅವರ ಕತೆ ನಾನು ಮಗಳಿಗೆ ಹೇಳಿರಲಿಲ್ಲ. ಅವರೇ ಹೇಳಿದ್ದರು, ದವಾಖಾನೆಯಲ್ಲಿ ನಾನಿಲ್ಲದ ಹೊತ್ತಿನಲ್ಲಿ. ಮಗಳು ಮಣೆಯ ಮೇಲೆ ಕೂತು, ನಾನು ತಂಬಿಗೆ ಎತ್ತಿದರೆ ಕೈ ಅಡ್ಡ ಹಿಡಿದು, "ಅತ್ತೀ," ಎಂದು ಕೂಗಿದಳು. "ಮೊದಲ ನೀರು ನಿಮ್ಮದು."

ಬೀಗತಿ ಕೂಸನ್ನು ನನ್ನ ಕೈಗೆ ಕೊಟ್ಟು ಹೊಸ್ತಿಲ ಹತ್ತಿರ ಬಂದು ನಿಂತರು. ಬಹಳ ಹೊತ್ತು ನಿಂತರು. ನೀರು ಆರುತ್ತದೆ ಎಂದು ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿದೆ. ಆಮೇಲೆ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದು, ಮೊಣಕೈಯಿಂದ ನೀರಿನ ಬಿಸಿ ನೋಡಿ, ತಂಬಿಗೆ ಅದ್ದಿ ನನ್ನ ಮಗಳ ಸೊಂಟದ ಮೇಲೆ ಮೆಲ್ಲಗೆ ಸುರಿದರು.

"ಬ್ಯಾನಿ ಐತೇನವ್ವ?"

"ಇಲ್ಲ ಅತ್ತಿ. ಹಗುರ ಆತು."

ಅವರ ಕೈ ಅಲ್ಲೇ ನಿಂತಿತು. ತಂಬಿಗೆಯನ್ನು ಕೆಳಗಿಟ್ಟು, ಬಗ್ಗಿ, ಎರಡೂ ಕೈಯಿಂದ ಸೊಸೆಯ ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು.

"ಖರೇ ಹೇಳು," ಅಂದರು.